ಗೋಲಗುಂಬಜ್ ಎಕ್ಸ್‌ಪ್ರೆಸ್: ಮೈಸೂರು ಕಡೆಯವರು ಒಮ್ಮೆಯಾದರೂ ಹತ್ತಬೇಕಾದ ರೈಲು

ಮೊದಲು ತೀರ್ಪು ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಮೈಸೂರು, ಮಂಡ್ಯ, ಬೆಂಗಳೂರು ಕಡೆಯವರು ನಮ್ಮದೇ ರಾಜ್ಯದ ಉತ್ತರದ ತುದಿಯನ್ನು ನೋಡಬೇಕು ಅಂದರೆ ಗೋಲಗುಂಬಜ್ ಎಕ್ಸ್‌ಪ್ರೆಸ್‌ನಲ್ಲಿ ಹೋಗಿ, ಅದೂ ಸ್ಲೀಪರ್ ಬೋಗಿಯಲ್ಲಿ. ಕಾರು ಬೇಡ. ಎಸಿ ಕೂಡ ಬೇಡ, ಆರೋಗ್ಯ ಸರಿ ಇಲ್ಲದಿದ್ದರೆ ಮಾತು ಬೇರೆ. ಈ ರೈಲಿನಲ್ಲಿ ಸೀಟಿಗಿಂತ ಜಾಸ್ತಿ ಬೆಲೆ ಬಾಳುವುದು ಪಕ್ಕದ ಸೀಟಿನಲ್ಲಿ ಕೂತಿರುವವರ ಮಾತು. ಅದು ಪರದೆ ಎಳೆದ ಎಸಿ ಬೋಗಿಯಲ್ಲಿ ಸಿಗುವುದಿಲ್ಲ.

ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. ಗಾಡಿ ನಂಬರ್ 16535. ಮೈಸೂರಿನಿಂದ ಮಧ್ಯಾಹ್ನದ ಮೇಲೆ ಹೊರಡುತ್ತದೆ, ಬೆಂಗಳೂರಿಗೆ ಸಂಜೆ. ಆಮೇಲೆ ತುಮಕೂರು, ಅರಸೀಕೆರೆ, ದಾವಣಗೆರೆ, ಹುಬ್ಬಳ್ಳಿ, ಗದಗ, ಬಾದಾಮಿ, ಬಾಗಲಕೋಟೆ, ವಿಜಯಪುರ. ಮೊದಲು ಸೊಲ್ಲಾಪುರಕ್ಕೆ ಮುಗಿಯುತ್ತಿತ್ತು, ಈಗ ಪಂಢರಪುರದವರೆಗೆ ಹೋಗುತ್ತದೆ. ಅಂದರೆ ಒಂದೇ ಗಾಡಿ ಚಾಮುಂಡಿ ಬೆಟ್ಟದ ಬುಡದಿಂದ ವಿಠ್ಠಲನ ಬಾಗಿಲವರೆಗೆ. ಮೈಸೂರಿಂದ ಬಾದಾಮಿಗೆ ಸ್ಲೀಪರ್ ಟಿಕೆಟ್ ಐನೂರು ರೂಪಾಯಿ ಒಳಗೇ ಆಗುತ್ತದೆ. ಅದೇ ದುಡ್ಡಿಗೆ ಕಾರಿನಲ್ಲಿ ಹೊರಟರೆ ಪೆಟ್ರೋಲು, ಟೋಲು ಸೇರಿ ಬೆಂಗಳೂರು ದಾಟುವುದೇ ಕಷ್ಟ.

ನಾನು ಹೋಗಿದ್ದು ಅಮ್ಮನ ಜೊತೆ. ಅಮ್ಮ ಹುಟ್ಟಿ ಬೆಳೆದಿದ್ದೆಲ್ಲ ಮೈಸೂರಿನಲ್ಲೇ. ತಿರುಪತಿ, ರಾಮೇಶ್ವರ, ಕಾಶಿ ಎಲ್ಲ ಆಗಿದೆ. ತುಂಗಭದ್ರೆ ಆಚೆಗಿನ ಕರ್ನಾಟಕ ಮಾತ್ರ ನೋಡಿರಲಿಲ್ಲ. ಇದು ನಮ್ಮ ಮನೆ ಕಥೆ ಮಾತ್ರ ಅಲ್ಲ. ನಿಮ್ಮ ಬೀದಿಯಲ್ಲಿ ನಾಲ್ಕು ಮನೆ ಕೇಳಿ ನೋಡಿ. ಊಟಿ ಆಗಿರುತ್ತದೆ, ಮುನ್ನಾರ್ ಆಗಿರುತ್ತದೆ, ವೀಸಾ ಬೇಕಿಲ್ಲ ಅಂತಾದ ಮೇಲೆ ಥಾಯ್ಲೆಂಡ್ ಕೂಡ ಆಗಿರುತ್ತದೆ. ಐಹೊಳೆ ಆಗಿರುವುದಿಲ್ಲ, ಬೀದರ್ ಅಂತೂ ಇಲ್ಲವೇ ಇಲ್ಲ. ಪಟ್ಟದಕಲ್ಲು 1987ರಿಂದ ವಿಶ್ವ ಪರಂಪರೆ ಪಟ್ಟಿಯಲ್ಲಿದೆ. ನಮ್ಮ ಬೇಲೂರು, ಹಳೇಬೀಡು, ಸೋಮನಾಥಪುರ ಆ ಪಟ್ಟಿಗೆ ಸೇರಿದ್ದು 2023ರಲ್ಲಿ. ಅಷ್ಟು ವರ್ಷ ಮುಂಚೆಯೇ ಹೆಸರು ಮಾಡಿದ ಜಾಗ ಅದು, ನಮ್ಮದೇ ರಾಜ್ಯದ್ದು, ಒಂದು ರಾತ್ರಿ ನಿದ್ದೆ ಮಾಡಿ ಎದ್ದರೆ ಸಿಗುತ್ತದೆ.

ಆ ಕಡೆಯವರು ಹಾಗಲ್ಲ. ಮೈಸೂರಿನವರಿಗೆ ಇದು ಚೆನ್ನಾಗಿ ಗೊತ್ತು. ಡಿಸೆಂಬರ್ ಬಂತೆಂದರೆ ಅರಮನೆ ಮುಂದೆ, ಮೃಗಾಲಯದ ಮುಂದೆ ಬಾಗಲಕೋಟೆ, ಕೊಪ್ಪಳ, ರಾಯಚೂರು ಕಡೆಯ ಶಾಲಾ ಪ್ರವಾಸದ ಬಸ್ಸುಗಳು ಸಾಲಾಗಿ ನಿಂತಿರುತ್ತವೆ. ಮಕ್ಕಳು ಒಬ್ಬರ ಕೈ ಒಬ್ಬರು ಹಿಡಿದು ಸಾಲಿನಲ್ಲಿ ಹೋಗುತ್ತಿರುತ್ತಾರೆ, ಮೇಷ್ಟ್ರು ಮುಂದೆ ಒಬ್ಬರು ಹಿಂದೆ ಒಬ್ಬರು. ಅವರು ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಬಂದು ನಮ್ಮ ಊರು ನೋಡಿಕೊಂಡು ಹೋಗುತ್ತಾರೆ. ನಮ್ಮ ಶಾಲೆಗಳಿಂದ ಅಷ್ಟೇ ಬಸ್ಸು ಆ ಕಡೆ ಹೋಗುತ್ತವಾ? ನಾನು ಕಂಡ ಮಟ್ಟಿಗೆ ಇಲ್ಲ. ಇದು ನನಗೆ ನಿಜವಾಗಿ ಬೇಜಾರಿನ ವಿಷಯ. ಈ ರೈಲಿನ ಬಗ್ಗೆ ಬರೆಯಲು ಕೂತಿದ್ದೂ ಅದಕ್ಕೇ.

ಈಗ ಬೋಗಿಯೊಳಗೆ ಬರೋಣ. ಮಂಡ್ಯ, ಮದ್ದೂರು ದಾಟುವವರೆಗೆ ಆರಾಮ. ವಡೆ ಮಾರುವವರು ಬರುತ್ತಾರೆ, ಕಿಟಕಿ ಆಚೆ ಕಬ್ಬಿನ ಗದ್ದೆ, ಆಮೇಲೆ ರಾಮನಗರದ ಬಂಡೆಗಳು. ಬೆಂಗಳೂರಿಗೆ ಬಂದಾಗ ಬೋಗಿಯ ಮಾತೇ ಬದಲಾಗುತ್ತದೆ. "ಸರೀರಿ ಯಪ್ಪಾ ಸ್ವಲ್ಪ", "ಆ ಗಂಟು ಈಕಡಿ ಕೊಡ" ಅಂತ ಒಂದೇ ಸಲ ಹತ್ತಾರು ದನಿ. ಹಾಸಿಗೆ ಸುತ್ತಿದ ಗಂಟು, ಬಣ್ಣದ ಡಬ್ಬಿ ತೊಳೆದು ಮಾಡಿಕೊಂಡ ಬಕೆಟ್ಟು, ಸ್ಟೀಲ್ ಕ್ಯಾರಿಯರ್, ಮಕ್ಕಳಿಗೆ ಕೊಂಡ ಸೈಕಲ್ಲಿನ ಗೊಂಬೆ. ಬೆಂಗಳೂರಿನ ಮನೆಗಳನ್ನು ಕಟ್ಟುವವರು ಊರಿಗೆ ಹೊರಟಿರುತ್ತಾರೆ.

ನಮ್ಮ ಎದುರಿಗೆ ಬಂದು ಕೂತಿದ್ದು ಗಂಡ ಹೆಂಡತಿ, ಬಾಗಲಕೋಟೆ ಕಡೆಯವರು. ಆತ ಸೆಂಟ್ರಿಂಗ್ ಕೆಲಸ, ಆಕೆ ಅದೇ ಕಟ್ಟಡದಲ್ಲಿ ಹೆಲ್ಪರ್. ಮಕ್ಕಳು ಊರಿನಲ್ಲಿ ಅಜ್ಜಿ ಹತ್ತಿರ. ಸ್ವಲ್ಪ ಹೊತ್ತು ನಮ್ಮನ್ನೇ ನೋಡಿ ಆಕೆ ಕೇಳಿದರು.

"ಎಲ್ಲಿಗಿ ಹೊಂಟೀರ್ರಿ ಅಕ್ಕಾರ?"

"ಬಾದಾಮಿಗೆ."

"ಯಾರದರ ಮದುವಿ ಐತೇನ್ರಿ?"

"ಇಲ್ಲ, ಸುಮ್ನೆ ನೋಡೋದಕ್ಕೆ."

"ಬರೇ ನೋಡಾಕ?" ಅಂತ ಗಂಡನ ಮುಖ ನೋಡಿದರು. ಆಮೇಲೆ ನಕ್ಕು, "ಚಲೋ ಆತು ಬರ್ರಿ. ನಾವು ನಿಮ್ಮ ಕಡೆ ದುಡಿಯಾಕ ಬರ್ತೀವಿ, ನೀವು ನಮ್ಮ ಕಡೆ ನೋಡಾಕ ಬರ್ರಿ" ಅಂದರು.

ಆ ಮಾತು ಕೇಳಿದ ಮೇಲೆ ನಾನು ಈ ವಿಷಯವನ್ನು ಬೇರೆ ರೀತಿ ನೋಡಲು ಶುರು ಮಾಡಿದೆ. ನಮ್ಮ ಜನ ದೇಶದೊಳಗೆ ಎಷ್ಟು ಓಡಾಡುತ್ತಾರೆ ಅಂತ ಕೇಳಿದರೆ ತಕ್ಷಣ ಪ್ರವಾಸೋದ್ಯಮ ಇಲಾಖೆಯ ಲೆಕ್ಕ ತೆಗೆಯುತ್ತಾರೆ. 2023ರಲ್ಲಿ ದೇಶದೊಳಗಿನ ಪ್ರವಾಸಿ ಭೇಟಿಗಳು ಸುಮಾರು 250 ಕೋಟಿ ಅನ್ನುತ್ತದೆ ಆ ಲೆಕ್ಕ. ಆದರೆ ಅದು ಭೇಟಿಗಳ ಲೆಕ್ಕ, ಜನರ ಲೆಕ್ಕ ಅಲ್ಲ. ಒಬ್ಬನೇ ನಾಲ್ಕು ಊರಿಗೆ ಹೋದರೆ ನಾಲ್ಕು. 2019ರ ಆಗಸ್ಟ್ 15ರಂದು ಪ್ರಧಾನಿ ಕೆಂಪು ಕೋಟೆಯಿಂದ, 2022ರೊಳಗೆ ದೇಶದ ಹದಿನೈದು ಜಾಗವಾದರೂ ನೋಡಿ ಅಂತ ಜನರಿಗೆ ಕೇಳಿಕೊಂಡರು. ಒಳ್ಳೆಯ ಮಾತೇ. ಅದು ರಜೆ ಇರುವವರಿಗೆ, ಕೈಯಲ್ಲಿ ಸ್ವಲ್ಪ ದುಡ್ಡು ಇರುವವರಿಗೆ ಹೇಳಿದ ಮಾತು. ನಮ್ಮೆದುರು ಕೂತಿದ್ದ ಆಕೆ ಹಾಸಿಗೆ ಗಂಟು ಹೊತ್ತು ಬೆಂಗಳೂರಿನ ಮೂಲೆ ಮೂಲೆ ಸುತ್ತಿದ್ದಾರೆ. ಹೆಬ್ಬಾಳ, ವೈಟ್‌ಫೀಲ್ಡ್, ಕೆಂಗೇರಿ, ಎಲ್ಲಿ ಸ್ಲ್ಯಾಬ್ ಹಾಕುತ್ತಾರೋ ಅಲ್ಲಿ ಒಂದು ಶೆಡ್ಡು. ಅದನ್ನು ಯಾರೂ ಪ್ರವಾಸ ಅನ್ನುವುದಿಲ್ಲ.

2011ರ ಜನಗಣತಿ ಪ್ರಕಾರ ಹುಟ್ಟೂರೋ ಹಿಂದಿನ ಊರೋ ಬಿಟ್ಟು ದೇಶದೊಳಗೇ ಬೇರೆ ಕಡೆ ಬಂದು ನೆಲೆಸಿದವರು 45 ಕೋಟಿಗೂ ಜಾಸ್ತಿ. ಅದರಲ್ಲಿ ಬಹಳ ದೊಡ್ಡ ಪಾಲು ಮದುವೆಯಾಗಿ ಗಂಡನ ಊರಿಗೆ ಹೋದ ಹೆಣ್ಣುಮಕ್ಕಳು. ದುಡಿಯಲು ಹೋಗಿ ಬರುವವರ ಲೆಕ್ಕ ಸಿಗುವುದೇ ಕಷ್ಟ, ಯಾಕೆಂದರೆ ಅವರು ಬಿತ್ತನೆಗೆ ಬರುತ್ತಾರೆ, ಜಾತ್ರೆಗೆ ಬರುತ್ತಾರೆ, ಮತ್ತೆ ಹೋಗುತ್ತಾರೆ. 2016-17ರ ಕೇಂದ್ರದ ಆರ್ಥಿಕ ಸಮೀಕ್ಷೆ ಮಾಡಿದವರು ಇದಕ್ಕೆ ಒಂದು ಒಳ್ಳೆಯ ದಾರಿ ಹುಡುಕಿದರು. ರಿಸರ್ವೇಶನ್ ಇಲ್ಲದ ರೈಲು ಟಿಕೆಟ್ಟುಗಳನ್ನು ಲೆಕ್ಕ ಹಾಕಿ, ವರ್ಷಕ್ಕೆ ಹತ್ತಿರ ಹತ್ತಿರ 90 ಲಕ್ಷ ಜನ ದುಡಿಮೆಗಾಗಿ ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗುತ್ತಾರೆ ಅಂತ ಅಂದಾಜು ಮಾಡಿದರು. ಬಾಗಲಕೋಟೆಯಿಂದ ಬೆಂಗಳೂರಿಗೆ ಬರುವವರು ಆ ಲೆಕ್ಕದಲ್ಲೂ ಇಲ್ಲ, ಅವರು ರಾಜ್ಯ ದಾಟುವುದೇ ಇಲ್ಲವಲ್ಲ. ದೇಶವನ್ನು ಜಾಸ್ತಿ ತಿರುಗಿದವರು ನಾವಲ್ಲ, ಜನರಲ್ ಬೋಗಿಯ ಬಾಗಿಲಲ್ಲಿ ಗಂಟಿನ ಮೇಲೆ ಕೂತಿರುವವರು. ಹಾಗಾಗಿ ಈ ರೈಲಿಗೆ ಮಾರ್ಕ್ಸ್ ಕೊಡುವಾಗ ಅವರಿಗೆ ಎಷ್ಟು ಅನುಕೂಲ ಅಂತಲೂ ನೋಡಬೇಕು.

ಊಟದ ಹೊತ್ತಿಗೆ ಆಕೆ ಬುತ್ತಿ ಗಂಟು ಬಿಚ್ಚಿದರು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಪುಂಡಿಪಲ್ಯ, ಒಂದು ಈರುಳ್ಳಿ. "ಮುಂಜಾನಿ ಶೆಡ್ಡಿನಾಗ ಬಡದದ್ದು, ತಗೋರಿ ಅವ್ವಾರ" ಅಂತ ಅಮ್ಮನ ಕೈಗೇ ಎರಡು ರೊಟ್ಟಿ ಇಟ್ಟರು. ಅಮ್ಮ ಪುಳಿಯೋಗರೆ ಡಬ್ಬಿ ಮುಂದೆ ತಳ್ಳಿದರು. ಆಕೆಯ ಗಂಡ ಈರುಳ್ಳಿಯನ್ನು ಸೀಟಿನ ಅಂಚಿಗೆ ಇಟ್ಟು ಒಂದೇ ಗುದ್ದು, ಸಿಪ್ಪೆ ಬಿಡಿಸಿ ನಾಲ್ಕು ಪಾಲು ಮಾಡಿದರು. ಪುಂಡಿಪಲ್ಯದ ಹುಳಿಗೆ ಅಮ್ಮ ಸೋತುಹೋದರು. ಯಾವ ಸೊಪ್ಪು, ಬೇಳೆ ಯಾವುದು, ಒಗ್ಗರಣೆಗೆ ಏನು, ಎಲ್ಲ ಕೇಳಿ ತಿಳಿದುಕೊಂಡರು. ತುಮಕೂರು ಬಂದಿದ್ದೂ ಗೊತ್ತಾಗಲಿಲ್ಲ.

ಅನುಕೂಲದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಸ್ಲೀಪರ್‌ನಲ್ಲಿ ಹೊದಿಕೆ ಕೊಡುವುದಿಲ್ಲ, ಚಳಿಗಾಲದಲ್ಲಿ ದಾವಣಗೆರೆ ಆದಮೇಲೆ ಗಾಳಿ ಚುಚ್ಚುತ್ತದೆ, ಒಂದು ಶಾಲು ಸಾಲದು. ಊಟ, ನೀರು ಮನೆಯಿಂದಲೇ ಇಟ್ಟುಕೊಳ್ಳಿ. 45 ದಾಟಿದ ಹೆಂಗಸರಿಗೂ ಹಿರಿಯರಿಗೂ ಲೋವರ್ ಬರ್ತ್ ಕೋಟಾ ಇದೆ, ಆದರೆ ಬೇಗ ಬುಕ್ ಮಾಡಿದರೆ ಮಾತ್ರ ಆಸೆ ಇಟ್ಟುಕೊಳ್ಳಬಹುದು. ಮಿಡಲ್ ಬರ್ತ್ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಮಾತ್ರ ಬಿಚ್ಚಬೇಕು ಅಂತ ನಿಯಮ, ಆದರೆ ಬೆಳಗಿನ ಜಾವಕ್ಕೆ ಎದ್ದು ಗಾಡಿ ಬದಲಿಸುವವರು, ಗದಗದಲ್ಲಿ ಇಳಿಯುವವರು ಇರುತ್ತಾರೆ, ಸ್ವಲ್ಪ ಹೊಂದಿಕೊಂಡು ಹೋಗಬೇಕು. ಬ್ಯಾಗಿಗೆ ಚೈನು ಬೀಗ ಹಾಕಿ ಮಲಗಿ, ಇದು ಯಾವ ರಾತ್ರಿ ಗಾಡಿಗೂ ಹೇಳುವ ಮಾತು. ಹುಬ್ಬಳ್ಳಿ ಬರುವುದು ನಡುರಾತ್ರಿ ಕಳೆದ ಮೇಲೆ. 1,507 ಮೀಟರಿನ ಪ್ಲಾಟ್‌ಫಾರ್ಮ್, ಜಗತ್ತಿನಲ್ಲೇ ಉದ್ದದ್ದು, 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆಗಿದ್ದು ಇದೇ ನಿಲ್ದಾಣದಲ್ಲಿ. ಅದನ್ನು ನೋಡಲು ನಿದ್ದೆ ಕೆಡಿಸಿಕೊಳ್ಳಬೇಡಿ, ವಾಪಸ್ ಬರುವಾಗ ಬೇರೆ ಹಗಲು ಗಾಡಿ ಹಿಡಿದರೆ ಹುಬ್ಬಳ್ಳಿಯಲ್ಲಿ ಇಳಿದು ನೋಡಬಹುದು.

ಹಿರಿಯರ ಬಗ್ಗೆ ಒಂದು ಮಾತು ಹೇಳಲೇಬೇಕು. 2020ರ ಮಾರ್ಚ್‌ವರೆಗೆ 60 ದಾಟಿದ ಗಂಡಸರಿಗೆ ಶೇಕಡಾ 40, 58 ದಾಟಿದ ಹೆಂಗಸರಿಗೆ ಶೇಕಡಾ 50 ರಿಯಾಯಿತಿ ಇತ್ತು. ಕೊರೊನಾ ಹೊತ್ತಿನಲ್ಲಿ ನಿಲ್ಲಿಸಿದ್ದು. ಪಿಂಚಣಿ ಇಲ್ಲದ ಅಜ್ಜ ಅಜ್ಜಿಯರು ಪಂಢರಪುರಕ್ಕೆ ಹೋಗುವ ಗಾಡಿ ಇದು. ಕೊರಳಲ್ಲಿ ತುಳಸಿಮಾಲೆ, ಕೈಯಲ್ಲಿ ತಾಳ ಹಿಡಿದು ಆಷಾಢ ಏಕಾದಶಿಗೆ ಹೊರಡುವವರಿಗೆ ಅರ್ಧ ಟಿಕೆಟ್ಟು ಅಂದರೆ ದೊಡ್ಡ ಮಾತು. ಎಲ್ಲರಿಗೂ ಬೇಡ, ಸ್ಲೀಪರ್‌ನವರಿಗಾದರೂ ಕೊಡಬೇಕು ಅಂತ ನನ್ನ ಅಭಿಪ್ರಾಯ.

ಬಾದಾಮಿ ಸ್ಟೇಷನ್ನು ಊರಿನಿಂದ ಸುಮಾರು ಐದು ಕಿ.ಮೀ. ಇಳಿದಾಗ ಇನ್ನೂ ಪೂರ್ತಿ ಬೆಳಕಾಗಿರುವುದಿಲ್ಲ. ಆಟೋದವರು ಇರುತ್ತಾರೆ, ಹತ್ತುವ ಮೊದಲು ರೇಟು ಮಾತಾಡಿಕೊಳ್ಳಿ. ನಾವು ಫೋನಿನಲ್ಲಿ ಬುಕ್ ಮಾಡಿದ್ದ ಲಾಡ್ಜಿನವರು, ಹೆಸರು ಬೇಡ, ಬೆಳಿಗ್ಗೆ ಬೇಗ ರೂಮು ಕೊಡುತ್ತೇವೆ ಅಂತ ಹೇಳಿ, ಹೋದ ಮೇಲೆ ಅರ್ಧ ದಿನದ ಬಾಡಿಗೆ ಬೇರೆ ಕೇಳಿದರು. ಅಮ್ಮ ಮುಖ ತೊಳೆಯಬೇಕಿತ್ತು, ಕೊಟ್ಟೆವು. ಬೇಗ ಬಂದು ಇಳಿಯುವ ಗಾಡಿ ಇದೇ ಅಂತ ಊರಿಗೆಲ್ಲ ಗೊತ್ತು. ಹಾಗಾಗಿ ಬುಕ್ ಮಾಡುವಾಗಲೇ ಇಷ್ಟು ಗಂಟೆಗೆ ಬರುತ್ತೇವೆ, ಇಷ್ಟೇ ದುಡ್ಡು ಅಂತ ಮೆಸೇಜಿನಲ್ಲಿ ಬರೆಸಿಕೊಳ್ಳಿ.

ಗುಹೆಗಳಿಗೆ ಬಿಸಿಲೇರುವ ಮೊದಲೇ ಹೋಗಿ, ಟಿಕೆಟ್ 25 ರೂಪಾಯಿ. ಕಲ್ಲು ಕೆಂಪಗೆ ಹೊಳೆಯುತ್ತಿರುತ್ತದೆ, ಕೆಳಗೆ ಅಗಸ್ತ್ಯ ತೀರ್ಥದ ನೀರು, ಆಚೆ ದಡದಲ್ಲಿ ಭೂತನಾಥ ಗುಡಿ. ಮೂರನೇ ಗುಹೆ ಎಲ್ಲಕ್ಕಿಂತ ದೊಡ್ಡದು, ಅದರಲ್ಲಿ 578ರ ಶಾಸನ ಇದೆ, ಚಾಲುಕ್ಯರ ಮಂಗಳೇಶ ಬರೆಸಿದ್ದು. ಮೊದಲ ಗುಹೆಯ ಹದಿನೆಂಟು ಕೈಗಳ ನಟರಾಜನ ಮುಂದೆ ಅಮ್ಮ ನಿಂತೇ ಇದ್ದರು, ಒಂದೊಂದು ಕೈ ಎಣಿಸಿಕೊಂಡು. ಕೋತಿಗಳ ಕಾಟ ಇದೆ. ಕೈಯಲ್ಲಿ ತಿಂಡಿ ಪೊಟ್ಟಣ ಇಟ್ಟುಕೊಂಡು ಮೆಟ್ಟಿಲು ಹತ್ತಬೇಡಿ.

ಮಧ್ಯಾಹ್ನದ ಊಟಕ್ಕೆ ಹೋಟೆಲ್ ಹುಡುಕಲೇಬೇಡಿ, ಬನಶಂಕರಿಗೆ ಹೋಗಿ. ಗುಡಿ ಮುಂದೆ ಹೊಂಡದ ಸುತ್ತ ಹೆಂಗಸರು ಬುಟ್ಟಿ ಇಟ್ಟುಕೊಂಡು ಕೂತಿರುತ್ತಾರೆ. ಬಾಯಿ ತುಂಬ ಕರೆಯುತ್ತಾರೆ, "ಬರ್ರೀ ಯಕ್ಕಾ, ರೊಟ್ಟಿ ಊಟ ಮಾಡ್ರಿ". ನೆಲದ ಮೇಲೆ ಕೂತರೆ ಕೈಗೇ ರೊಟ್ಟಿ, ಅದರ ಮೇಲೇ ಹೆಸರುಕಾಳು ಪಲ್ಯ, ಬದನೆಕಾಯಿ, ಕೆಂಪು ಖಾರ, ಶೇಂಗಾ ಹಿಂಡಿ. ಪುಟ್ಟ ಮಣ್ಣಿನ ಕುಡಿಕೆಯಲ್ಲಿ ಗಟ್ಟಿ ಮೊಸರು ಬೇರೆ. ಆ ಮೊಸರಿನ ಮೇಲೆ ಕೆನೆ ಎಷ್ಟು ದಪ್ಪ ಅಂದರೆ ರೊಟ್ಟಿ ತುಂಡಿನಿಂದ ಒತ್ತಿದರೆ ಮುರಿದು ಒಳಗೆ ಹೋಗುತ್ತದೆ. ಒಬ್ಬರಿಗೆ ನೂರು ರೂಪಾಯಿ ಖರ್ಚು ಮಾಡುವುದೇ ಕಷ್ಟ. ನಾನು ಈ ಇಡೀ ಪ್ರಯಾಣದಲ್ಲಿ ತಿಂದ ಊಟಗಳಲ್ಲಿ ಇದಕ್ಕೆ ಮೊದಲ ಜಾಗ, ರೈಲಿನ ಪುಂಡಿಪಲ್ಯಕ್ಕೆ ಎರಡನೆಯದು.

ಪಟ್ಟದಕಲ್ಲು, ಐಹೊಳೆಗೆ ನಾವು ಗಾಡಿ ಮಾಡಲಿಲ್ಲ, ಸರ್ಕಾರಿ ಬಸ್ಸಿನಲ್ಲೇ ಹೋದೆವು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇರುವುದರಿಂದ ಆಧಾರ್ ತೋರಿಸಿದರೆ ಹೆಂಗಸರಿಗೆ ಶೂನ್ಯ ಟಿಕೆಟ್. ಈ ಯೋಜನೆ ಬಗ್ಗೆ ಏನೇನೋ ಮಾತು ಕೇಳಿರುತ್ತೀರಿ. ನಾನು ಆ ಬಸ್ಸಿನಲ್ಲಿ ನೋಡಿದ್ದು ಹೇಳುತ್ತೇನೆ. ಪಕ್ಕದ ಹಳ್ಳಿಯ ನಾಲ್ಕೈದು ಹೆಂಗಸರು, ತಲೆ ಮೇಲೆ ಸೆರಗು, ಐಹೊಳೆಯ ದುರ್ಗದ ಗುಡಿ ನೋಡಲು ಹೊರಟಿದ್ದರು. ಅಷ್ಟು ಹತ್ತಿರ ಇದ್ದೂ ಮೊದಲ ಸಲವಂತೆ. "ರೊಕ್ಕ ಕೊಟ್ಟು ಗುಡಿ ನೋಡಾಕ ಯಾರು ಕಳಸ್ತಾರ್ರೀ" ಅಂದರು ಒಬ್ಬರು. ಕೆಲಸಕ್ಕೆ, ಮದುವೆಗೆ, ಆಸ್ಪತ್ರೆಗೆ ಮಾತ್ರ ಬಸ್ಸು ಹತ್ತುತ್ತಿದ್ದವರು ಸುಮ್ನೆ ನೋಡಲು ಹತ್ತಿದ್ದು ಸಣ್ಣ ವಿಷಯ ಅಲ್ಲ. 2025ರ ಜುಲೈ ಹೊತ್ತಿಗೆ ಈ ಯೋಜನೆಯಲ್ಲಿ 500 ಕೋಟಿ ಟಿಕೆಟ್ ಆಯಿತು. ಆ ರಾಶಿಯಲ್ಲಿ ಇಂಥ ಟಿಕೆಟ್ಟುಗಳೂ ಇವೆ ಅಂತ ಕಣ್ಣಾರೆ ಕಂಡು ನನಗೆ ತುಂಬ ಖುಷಿಯಾಯಿತು.

ಪಟ್ಟದಕಲ್ಲಿನ ವಿರೂಪಾಕ್ಷ ಗುಡಿ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು, ಗಂಡ ಎರಡನೇ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನು ಗೆದ್ದು ಬಂದ ನೆನಪಿಗೆ. ಕಂಬಗಳ ಮೇಲೆ ರಾಮಾಯಣ, ಮಹಾಭಾರತ. ಅಲ್ಲಿ ಒಂದು ಗಂಟೆ ಸಾಲುವುದಿಲ್ಲ. ಬಸ್ಸು ಕಡಿಮೆ, ಆದ್ದರಿಂದ ಇಳಿದ ತಕ್ಷಣ ವಾಪಸ್ ಬಸ್ಸಿನ ಹೊತ್ತು ಕೇಳಿಟ್ಟುಕೊಂಡು ಆಮೇಲೆ ಒಳಗೆ ಹೋಗಿ.

ಬಾದಾಮಿಯಿಂದ ವಿಜಯಪುರಕ್ಕೆ ಹಗಲಿನ ಪ್ಯಾಸೆಂಜರ್ ಹಿಡಿದೆವು. ಗೋಲಗುಂಬಜ್‌ನಲ್ಲೇ ನೇರ ಹೋಗುವವರಿಗೆ ಈ ಭಾಗ ಬೆಳಿಗ್ಗೆ ಸಿಗುತ್ತದೆ, ನಿದ್ದೆ ಮಾಡಬೇಡಿ. ಎರೆಭೂಮಿ, ಜೋಳದ ಹೊಲ, ಆಲಮಟ್ಟಿ ಹತ್ತಿರ ಕೃಷ್ಣೆಯ ಹಿನ್ನೀರು ಕಣ್ಣು ಹಾಯಿಸಿದಷ್ಟೂ. ಆ ನೀರಿಗೆ ಹಳ್ಳಿಗಳು ಹೋದವು, ಹಳೇ ಬಾಗಲಕೋಟೆಯ ಎಷ್ಟೋ ಓಣಿಗಳು ಹೋದವು, ಜನ ನವನಗರಕ್ಕೆ ಬಂದರು. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಕಿಟಕಿಯಿಂದ ಕೈ ತೋರಿಸಿ "ಅಲ್ಲಿತ್ತು ನಮ್ಮ ಹೊಲ" ಅಂದರು. ತಾನು ಹೊರಡದಿದ್ದರೂ ಊರು ಬಿಡಬೇಕಾದವರೂ ಇದ್ದಾರೆ ಈ ದಾರಿಯಲ್ಲಿ.

ಗೋಲಗುಂಬಜ್ ಕಟ್ಟಡದ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಎಲ್ಲರಿಗೂ ಶಾಲೆಯಲ್ಲೇ ಗೊತ್ತಾಗಿದೆ. ಮಹಮ್ಮದ್ ಆದಿಲ್ ಶಾಹನ ಗೋರಿ. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಹೋಗಿ. ಶಾಲೆಯ ಮಕ್ಕಳು ಬಂದ ಮೇಲೆ ಮೇಲಿನ ಪಡಸಾಲೆಯಲ್ಲಿ ಪಿಸುಮಾತು ಕೇಳುವ ಹಾಗಿಲ್ಲ, ಬರೀ ಕೂಗಾಟ.

ಈಗ ಸೇವೆಯಲ್ಲಿ ಆಗಬೇಕಾದದ್ದು. ಮೊದಲನೆಯದು ಜನರಲ್ ಬೋಗಿ. ಯುಗಾದಿ, ದೀಪಾವಳಿ, ಬನಶಂಕರಿ ಜಾತ್ರೆ ಹೊತ್ತಿಗೆ ಬೆಂಗಳೂರಿನಿಂದ ಹೊರಡುವ ಯಾವ ಗಾಡಿಯ ಜನರಲ್ ಬೋಗಿಯಲ್ಲೂ ಕಾಲಿಡಲು ಜಾಗ ಇರುವುದಿಲ್ಲ. ಉತ್ತರ ಕರ್ನಾಟಕಕ್ಕೆ ಇನ್ನಷ್ಟು ಜನರಲ್ ಬೋಗಿ, ಹಬ್ಬಕ್ಕೆ ಹಗಲು ಗಾಡಿ ಬೇಕು. ವಂದೇ ಭಾರತ್ ಬಂದಿದ್ದು ಒಳ್ಳೆಯದೇ, ಆದರೆ ಸೆಂಟ್ರಿಂಗ್ ಕೆಲಸದವರು ಹಾಸಿಗೆ ಗಂಟು ಹಿಡಿದು ಅದನ್ನು ಹತ್ತುವುದಿಲ್ಲ. ಎರಡನೆಯದು, ಬಾದಾಮಿ ಸ್ಟೇಷನ್ನಿಗೆ ಗಾಡಿ ಬರುವ ಹೊತ್ತಿಗೆ ಊರಿಗೊಂದು ಬಸ್ಸು. ಇಷ್ಟು ಮಾಡಿದರೆ ಒಂಟಿಯಾಗಿ ಬರುವ ಹೆಣ್ಣುಮಕ್ಕಳಿಗೆ ಎಷ್ಟೋ ಧೈರ್ಯ.

ಹೋಗುವವರಿಗೆ: ರಿಸರ್ವೇಶನ್ ಈಗ 60 ದಿನ ಮುಂಚೆ ತೆರೆಯುತ್ತದೆ, ಮೊದಲಿನ ಹಾಗೆ 120 ಅಲ್ಲ. ತತ್ಕಾಲ್ ನಂಬಿಕೊಂಡರೆ ಆಧಾರ್ ಜೋಡಿಸಿಟ್ಟಿರಬೇಕು, ಸ್ಲೀಪರ್‌ಗೆ ಬೆಳಿಗ್ಗೆ 11ಕ್ಕೆ ಶುರು. ವೇಟಿಂಗ್ ಲಿಸ್ಟ್ ಟಿಕೆಟ್ಟಿನಲ್ಲಿ ಸ್ಲೀಪರ್ ಹತ್ತುವಂತಿಲ್ಲ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ, ಏಪ್ರಿಲ್, ಮೇ ಬೇಡವೇ ಬೇಡ, ಕಲ್ಲು ಕಾದು ಕಾಲಿಡಲಾಗುವುದಿಲ್ಲ. ಬನಶಂಕರಿ ಜಾತ್ರೆ ಬನದ ಹುಣ್ಣಿಮೆಗೆ, ಜನವರಿ ಹೊತ್ತಿಗೆ. ಜಾತ್ರೆ, ನಾಟಕ ಕಂಪನಿಗಳನ್ನು ನೋಡುವ ಆಸೆ ಇದ್ದರೆ ಆಗ ಹೋಗಿ, ಗುಹೆ ನೋಡುವ ಆಸೆ ಇದ್ದರೆ ಆ ವಾರ ಬಿಟ್ಟು ಹೋಗಿ. ವಾಪಸ್ ಬರುವ ಗಾಡಿ 16536, ಹೋಗುವ ಟಿಕೆಟ್ ಮಾಡುವಾಗಲೇ ಅದನ್ನೂ ಮಾಡಿಟ್ಟುಕೊಳ್ಳಿ, ಭಾನುವಾರ ಬೇಗ ತುಂಬುತ್ತದೆ.